ಅಮೃತಮಹಲ್ ಕಾವಲುಗಳು: ಹುಲ್ಲಿನ ದೃಷ್ಟಿಯಿಂದ ಒಂದು ಚಾರಿತ್ರಿಕ ಅವಲೋಕನ

ಹುಲ್ಲು ಬೆಳೆಯುವ ಬಯಲಿಗೆ ಕನ್ನಡದಲ್ಲಿ ‘ಹುಲ್ಲುಗಾವಲು’ ಎಂಬ ಹೆಸರಿದೆ. ಹುಲ್ಲು, ಕಾವಲು ಎಂಬ ಎರಡು ಪದಗಳು ಸೇರುವಾಗ ಕಕಾರಕ್ಕೆ ಗಕಾರವು ಆದೇಶವಾಗಿ ಬಂದು ಈ ಸಮಾಸಪದ ಸಿದ್ಧಿಸಿದೆ. ಶಾಲೆಯ ವ್ಯಾಕರಣದಲ್ಲಿ ಆದೇಶಸಂಧಿಗೆ ಉದಾಹರಣೆ ಕೊಡುವಾಗ ನಾವು ಇಂಥ ಪದಗಳನ್ನು ಹೇಳಿ ಮುಂದೆ ಸಾಗುತ್ತೇವೆ. ಅದರ ಅರ್ಥವನ್ನು ನಿಂತು ಗಮನಿಸುವುದಿಲ್ಲ. ‘ಕಾ’ ಎಂಬ ಧಾತುವಿಗೆ ರಕ್ಷಿಸು, ಪಾಲಿಸು ಎಂಬ ಅರ್ಥಗಳಿವೆ. ಹಾಗಾದರೆ ಹುಲ್ಲುಗಾವಲು ಎಂದರೆ ಕಾಯಲ್ಪಟ್ಟ ಹುಲ್ಲಿನ ನೆಲ. ಉಳುಮೆಗೆ ಬಾರದೆ ಉಳಿದುಹೋದ ಭೂಮಿ ಎಂಬ ಧ್ವನಿ ಈ ಪದದಲ್ಲಿ ಇಲ್ಲ. ಯಾರೋ ಒಬ್ಬರು ಹುಲ್ಲನ್ನು ಬೆಲೆಯುಳ್ಳ ವಸ್ತುವೆಂದು ತಿಳಿದು, ಅದಕ್ಕೆ ಕಾವಲಿಟ್ಟಿದ್ದರು ಎಂಬ ಸಂಗತಿಗೆ ಭಾಷೆಯೇ ಸಾಕ್ಷಿಯಾಗಿ ನಿಂತಿದೆ.

ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳು ಈ ಮಾತಿಗೆ ಅತ್ಯಂತ ದೊಡ್ಡ ನಿದರ್ಶನ. ಅಮೃತಮಹಲ್ ಕುರಿತು ಈವರೆಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ದನದ ತಳಿಯನ್ನು, ಇಲ್ಲವೆ ಹೈದರ್ ಮತ್ತು ಟಿಪ್ಪುವಿನ ಸೈನಿಕ ವ್ಯವಸ್ಥೆಯನ್ನು ಕೇಂದ್ರದಲ್ಲಿ ಇರಿಸಿಕೊಂಡಿವೆ. ಎತ್ತಿನ ಚರಿತ್ರೆ ಬರೆಯಲ್ಪಟ್ಟಿದೆ; ಆ ಎತ್ತು ತಿಂದ ಹುಲ್ಲಿನ ಚರಿತ್ರೆ ಅಡಿಟಿಪ್ಪಣಿಯಲ್ಲಿಯೇ ಉಳಿದಿದೆ. ಪ್ರಸ್ತುತ ಪ್ರಬಂಧದಲ್ಲಿ ಅದೇ ಸಾಮಗ್ರಿಯನ್ನು ಹುಲ್ಲಿನ ಕಡೆಯಿಂದ ನೋಡುವ ಪ್ರಯತ್ನ ಮಾಡಲಾಗಿದೆ.

ಈ ನೆಲದಲ್ಲಿ ಹುಲ್ಲಿಗೂ ಮನುಷ್ಯನಿಗೂ ಇರುವ ಸಂಬಂಧ ಅರಸರ ಕಾಲದಲ್ಲಿ ಆರಂಭವಾದುದಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿ ಪ್ರದೇಶಗಳಲ್ಲಿ ದೊರೆತಿರುವ ನವಶಿಲಾಯುಗದ ಬೂದಿದಿಬ್ಬಗಳು ಇತಿಹಾಸ ವಿದ್ಯಾರ್ಥಿಗಳಿಗೆ ಪರಿಚಿತವೇ ಆಗಿವೆ. ಇವು ಜ್ವಾಲಾಮುಖಿಯ ಅವಶೇಷಗಳೋ, ಕಬ್ಬಿಣ ಕರಗಿಸಿದ ಕುಲುಮೆಗಳೋ ಎಂಬ ಚರ್ಚೆ ಬಹುಕಾಲ ನಡೆಯಿತು. ಎಫ್. ಆರ್. ಆಲ್ಚಿನ್ ಅವರು ೧೯೫೭ರಲ್ಲಿ ಉತ್ನೂರಿನಲ್ಲಿ ನಡೆಸಿದ ಉತ್ಖನನದಿಂದ ಅವು ದನದೊಡ್ಡಿಗಳಲ್ಲಿ ಶೇಖರವಾದ ಸಗಣಿ ಸುಟ್ಟು ಆದ ರಾಶಿಗಳೆಂಬುದು ಸ್ಥಿರಪಟ್ಟಿತು. ಮುಂದೆ ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ನಡೆಸಿದ ಉತ್ಖನನವು ಆ ದೊಡ್ಡಿಗಳ ಪಕ್ಕದಲ್ಲಿ ಜನವಸತಿಯೂ ಇದ್ದುದನ್ನು ವಿವರವಾಗಿ ತೋರಿಸಿತು. ಬೂದಿದಿಬ್ಬವೆಂದರೆ ದನದ ಹೊಟ್ಟೆಯ ಮೂಲಕ ಹಾದುಬಂದ ಹುಲ್ಲೇ ಅಲ್ಲವೆ? ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದೆ ಅಷ್ಟು ದೊಡ್ಡ ದಿಬ್ಬಗಳಾಗುವಷ್ಟು ದನಗಳನ್ನು ಸಾಕಲು ಎಷ್ಟು ವಿಸ್ತಾರವಾದ ಹುಲ್ಲಿನ ಬಯಲು ಬೇಕಾಗಿತ್ತು ಎಂಬುದನ್ನು ಊಹಿಸಬಹುದು.

ಚಾರಿತ್ರಿಕ ಕಾಲಕ್ಕೆ ಬಂದರೆ ನಾಡಿನ ಉದ್ದಗಲಕ್ಕೂ ಹರಡಿರುವ ತುರುಗೊಳ್ ವೀರಗಲ್ಲುಗಳು ಕಣ್ಣಿಗೆ ಬೀಳುತ್ತವೆ. ಸೆರೆಹೋದ ತುರುಗಳನ್ನು ಮರಳಿ ತರುವಾಗ ಮಡಿದವರ ಸ್ಮಾರಕಗಳಿವು. ಗೋವುಗಳು ಊರ ಸಂಪತ್ತಾಗಿದ್ದುದರಿಂದ ಹೋರಾಟ ನಡೆಯಿತು ಎಂದು ನಾವು ವಿವರಿಸುತ್ತೇವೆ, ಅದು ಸರಿಯೇ. ಆದರೆ ಈ ಹೋರಾಟಗಳು ಬಹುಮಟ್ಟಿಗೆ ಊರ ಹೊರಗಿನ ಮೇವಿನ ಬಯಲಿನಲ್ಲಿ ನಡೆದವು ಎಂಬುದನ್ನೂ ಮರೆಯಬಾರದು. ಮುಂದಿನ ಕಾಲದ ತೆರಿಗೆಗಳ ಪಟ್ಟಿಗಳಲ್ಲಿ ‘ಹುಲ್ಲುಬನ್ನಿ’ ಎಂಬ ಹೆಸರು ಬರುತ್ತದೆ. ಅದು ದನಗಳನ್ನು ಮೇಯಿಸುವ ಹುಲ್ಲಿನ ಮೇಲೆ ವಿಧಿಸುತ್ತಿದ್ದ ತೆರಿಗೆ. ಒಂದು ವಸ್ತುವಿನ ಮೇಲೆ ರಾಜ್ಯವು ತೆರಿಗೆ ಹಾಕಿತೆಂದರೆ ಅದಕ್ಕೆ ಬೆಲೆಯಿತ್ತೆಂದೇ ಅರ್ಥ.

ಮೈಸೂರು ಅರಸರ ಗೋಸಂಪತ್ತಿನ ಮೂಲವನ್ನು ಗೆಜೆಟಿಯರುಗಳು ವಿಜಯನಗರದ ಕಡೆಗೆ ಒಯ್ಯುತ್ತವೆ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಬಳಿಯಿದ್ದ ಹಳ್ಳಿಕಾರ್ ಹಸುಗಳು ಒಡೆಯರ ವಶಕ್ಕೆ ಬಂದವೆಂದೂ, ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು (೧೬೩೮–೧೬೫೯) ಮತ್ತು ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಒಬ್ಬರ ನಂತರ ಒಬ್ಬರು ಈ ಹಿಂಡುಗಳಿಗಾಗಿ ಕಾವಲುಗಳನ್ನು ಗೊತ್ತುಮಾಡಿದರೆಂದೂ ತಿಳಿದುಬರುತ್ತದೆ. ಚಿಕ್ಕದೇವರಾಜರ ಕಾಲದಲ್ಲಿ ಈ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಮೊದಲ ಉದ್ದೇಶ. ಹೈದರ್ ಅಲಿಯು ಪಾಳೆಯಗಾರರನ್ನು ಸೋಲಿಸಿದಾಗ ಅವರ ದನಗಳನ್ನೂ ಸೇರಿಸಿಕೊಂಡು ಇದನ್ನು ಸೈನ್ಯದ ಸಾಗಾಣಿಕೆಯ ವ್ಯವಸ್ಥೆಯಾಗಿ ಬೆಳೆಸಿದನು. ಹೆಸರನ್ನು ‘ಅಮೃತಮಹಲ್’ ಎಂದು ಬದಲಾಯಿಸಿದವನು ಟಿಪ್ಪು ಸುಲ್ತಾನ. ಹಿಂಡುಗಳ ನಿರ್ವಹಣೆಗಾಗಿ ಅವನು ಹುಕುಂನಾಮೆಯನ್ನು ಹೊರಡಿಸಿದ್ದನು; ಮುಂದೆ ಬಂದ ಇಂಗ್ಲಿಷ್ ಅಧಿಕಾರಿಗಳು ಅದೇ ಕಟ್ಟಳೆಗಳನ್ನು ಬಹುಮಟ್ಟಿಗೆ ಅನುಸರಿಸಿದರು. ಹೆಸರಿನಲ್ಲಿ ಅಮೃತವಿದ್ದರೂ ಈ ಹಸುಗಳು ಹಾಲಿಗೆ ಹೆಸರಾದವಲ್ಲ ಎಂಬುದು ಒಂದು ವಿನೋದ. ಅರೆಕಾಡು ಪ್ರಾಣಿಗಳಂತೆ ಬಯಲಿನಲ್ಲಿಯೇ ಬೆಳೆಯುತ್ತಿದ್ದ ಅವುಗಳ ಹಾಲು ಬಹುಪಾಲು ಕರುಗಳಿಗೇ ಸಲ್ಲುತ್ತಿತ್ತು.

ಈ ಎತ್ತುಗಳ ಸಾಹಸವನ್ನು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರು ಉತ್ಸಾಹದಿಂದ ದಾಖಲಿಸಿದೆ. ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ ೧೦೦ ಮೈಲಿ ನಡೆದದ್ದು ಇವುಗಳ ಬಲದಿಂದ. ಪೇಶ್ವೆಯನ್ನು ಬೆನ್ನಟ್ಟಿದ ಜನರಲ್ ಪ್ರಿಟ್ಜ್ಲರನು ೨೫ ದಿನಗಳಲ್ಲಿ ೩೪೬ ಮೈಲಿ ಸಾಗಿದ್ದೂ ಇವುಗಳಿಂದಲೇ. ತೋಪಿನ ಗಾಡಿಯನ್ನು ಎಳೆಯುವ ಎತ್ತಿಗೆ ದಾರಿಯುದ್ದಕ್ಕೂ ಹುರುಳಿ, ಹಿಂಡಿ ಒದಗಿಸುವುದು ಯಾವ ಸೈನ್ಯಕ್ಕೂ ಹೊರೆಯಾದ ಕೆಲಸ. ಬೇಲಿಯಿಲ್ಲದ ಬಯಲಿನಲ್ಲಿ, ಒಣಹುಲ್ಲಿನ ಮೇಲೆ, ನೀರಿಗಾಗಿ ಮೈಲಿಗಟ್ಟಲೆ ನಡೆದು ಬೆಳೆದ ಎತ್ತಿಗೆ ಸೈನ್ಯದ ನಡಿಗೆ ಹೊಸದಾಗಿರಲಿಲ್ಲ. ಎತ್ತಿನ ಬಲವನ್ನು ತಳಿಯ ಗುಣವೆಂದು ಮಾತ್ರ ಹೇಳಿದರೆ ಅರ್ಧ ಸತ್ಯವಾದೀತು, ಉಳಿದರ್ಧ ಕಾವಲಿನದು.

ಕಾವಲುಗಳ ವ್ಯವಸ್ಥೆಯಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವುದು ಅವುಗಳ ಋತುವಾರು ವಿಂಗಡಣೆ. ಸಂಸ್ಥಾನದಲ್ಲಿ ೨೦೦ಕ್ಕೂ ಹೆಚ್ಚು ಕಾವಲುಗಳಿದ್ದವು. ಅವು ಇಂದಿನ ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು, ದಾವಣಗೆರೆ, ಮಂಡ್ಯ ಮುಂತಾದ ಜಿಲ್ಲೆಗಳಲ್ಲಿ ಹರಡಿದ್ದವು. ಇವುಗಳನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಮೂರು ಬಗೆಯಾಗಿ ಗುರುತಿಸಲಾಗಿತ್ತು. ಹಿಂಡು ಒಂದು ಬಗೆಯ ಕಾವಲಿನಿಂದ ಇನ್ನೊಂದಕ್ಕೆ ಕಾಲಕ್ಕೆ ತಕ್ಕಂತೆ ಸಾಗಬೇಕು. ಬೇಸಿಗೆಯ ಕಾವಲುಗಳು ಸಾಮಾನ್ಯವಾಗಿ ಕೆರೆಯಂಗಳಗಳು. ನೀರು ಇಳಿದಂತೆ ಅಲ್ಲಿ ಎಳೆಯ ಹುಲ್ಲು ಚಿಗುರುತ್ತಿತ್ತು. ದಂಡೆಯ ಮರಗಳ ನೆರಳೂ ಇರುತ್ತಿತ್ತು. ಬಯಲೆಲ್ಲ ಸುಟ್ಟುಹೋದ ತಿಂಗಳುಗಳಲ್ಲಿ ಇವೇ ಹಿಂಡಿನ ಪ್ರಾಣ. ಆದುದರಿಂದ ಊರದನಗಳು ಅತ್ತ ಸುಳಿಯದಂತೆ ಇವುಗಳಿಗೆ ಕಟ್ಟುನಿಟ್ಟಾದ ಕಾವಲಿತ್ತು. ಒಂದು ಬಗೆಯ ಕಾವಲು ಎಷ್ಟೇ ವಿಸ್ತಾರವಾಗಿದ್ದರೂ ಉಳಿದೆರಡು ಇಲ್ಲದೆ ಹಿಂಡು ವರ್ಷ ಕಳೆಯಲಾರದು. ಈ ಅಂಶವನ್ನು ಮುಂದಿನ ಕಾಲದ ಭೂಹಂಚಿಕೆಯನ್ನು ವಿವೇಚಿಸುವಾಗ ನೆನಪಿನಲ್ಲಿಡಬೇಕು.

ಈ ವಿಂಗಡಣೆ ದನಗಳ ಅನುಕೂಲಕ್ಕಾಗಿ ಆದುದು ಎಂದು ದಾಖಲೆಗಳನ್ನು ಓದಿದಾಗ ತೋರುತ್ತದೆ. ಆದರೆ ಅದರಿಂದ ಹುಲ್ಲಿಗೆ ಆದ ಪ್ರಯೋಜನ ಇನ್ನೂ ದೊಡ್ಡದು. ಬಹುವಾರ್ಷಿಕ ಹುಲ್ಲುಗಳ ಬೆಳವಣಿಗೆಯ ಮೊಗ್ಗು ನೆಲದ ಮಟ್ಟದಲ್ಲಿ, ಬುಡದ ಗೊಂಚಲಿನೊಳಗೆ ಇರುತ್ತದೆ. ಮೇಲಿನ ಎಲೆಯನ್ನು ದನ ಮೇದರೂ, ಬೇಸಿಗೆಯ ಬೆಂಕಿ ಸುಟ್ಟರೂ ಬುಡ ಸಾಯುವುದಿಲ್ಲ. ಮಳೆ ಬಿದ್ದೊಡನೆ ಬೇರಿನಲ್ಲಿ ಕೂಡಿಟ್ಟ ಸತ್ವದಿಂದ ಮತ್ತೆ ಚಿಗುರುತ್ತದೆ. ಆದರೆ ಚಿಗುರಿದ ಎಲೆಯನ್ನು ಬಿಡುವಿಲ್ಲದೆ ಮೇಯಿಸಿದರೆ ಬೇರಿಗೆ ಸತ್ವವನ್ನು ಮತ್ತೆ ತುಂಬಿಕೊಳ್ಳಲು ಅವಕಾಶವಾಗುವುದಿಲ್ಲ. ಆಗ ಬಹುವಾರ್ಷಿಕ ಹುಲ್ಲು ಕ್ರಮೇಣ ಸೋತು, ಆ ಜಾಗದಲ್ಲಿ ಒಂದೇ ವರ್ಷ ಬಾಳುವ ಸಣ್ಣ ಹುಲ್ಲುಗಳೂ ದನ ಮುಟ್ಟದ ಕಳೆಗಳೂ ಬರುತ್ತವೆ. ಹಿಂಡು ಋತುವಿಗೊಮ್ಮೆ ಸ್ಥಳ ಬದಲಿಸಿದುದರಿಂದ ಪ್ರತಿಯೊಂದು ಕಾವಲಿಗೂ ವರ್ಷದಲ್ಲಿ ಕೆಲವು ತಿಂಗಳು ವಿಶ್ರಾಂತಿ ದೊರೆಯುತ್ತಿತ್ತು. ಹೂವಾಗಿ, ಬೀಜ ಉದುರಿ, ಬೇರು ತುಂಬಿಕೊಳ್ಳಲು ಅದು ಸಾಕಾಗಿತ್ತು. ಇಂದು ಮೇವಿನ ತಜ್ಞರು ಸರದಿಯ ಮೇಯಿಸುವಿಕೆ ಎಂದು ಶಿಫಾರಸು ಮಾಡುವ ಕ್ರಮಕ್ಕೂ ಇದಕ್ಕೂ ತತ್ವದಲ್ಲಿ ಭೇದವಿಲ್ಲ.

ಈ ಬಯಲುಗಳ ಹುಲ್ಲುಗಳಲ್ಲಿ ಒಂದನ್ನು ಕುರಿತು ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ಸಸ್ಯಶಾಸ್ತ್ರಜ್ಞರು ಹೆಟಿರೋಪೋಗನ್ ಕಂಟಾರ್ಟಸ್ ಎಂದು ಕರೆಯುವ ಈ ಹುಲ್ಲಿಗೆ ಸೀಮೆಗೊಂದು ಹೆಸರಿದೆ. ಇಲ್ಲಿ ಈಟಿಹುಲ್ಲು ಎಂದಿಟ್ಟುಕೊಳ್ಳೋಣ. ಇದರ ಬೀಜಕ್ಕೆ ಸೂಜಿಯಂಥ ಮೊನೆಯೂ ಉದ್ದವಾದ ಬಾಲವೂ ಇವೆ. ಆ ಬಾಲ ಒಣಗಿದಾಗ ಹುರಿಯಾಗಿ ಸುತ್ತಿಕೊಳ್ಳುತ್ತದೆ, ತೇವ ತಗುಲಿದಾಗ ಬಿಚ್ಚಿಕೊಳ್ಳುತ್ತದೆ. ಹೀಗೆ ಸುತ್ತಿ ಬಿಚ್ಚಿ ಬೀಜ ತನ್ನನ್ನು ತಾನೇ ತಿರುಪುಮೊಳೆಯಂತೆ ಮಣ್ಣಿನೊಳಗೆ ತಿರುಗಿಸಿಕೊಂಡು ಇಳಿಯುತ್ತದೆ. ಬೆಂಕಿ ಹಾದುಹೋದರೂ ಮಣ್ಣಿನೊಳಗಿನ ಬೀಜ ಕ್ಷೇಮ. ಎಳೆಯದಾಗಿದ್ದಾಗ ಇದು ಒಳ್ಳೆಯ ಮೇವು. ಬಲಿತು ಬೀಜ ಕಟ್ಟಿದ ಮೇಲೆ ಅದೇ ಮೊನೆ ಕುರಿಯ ಉಣ್ಣೆಗೆ ಸಿಕ್ಕಿ ಚರ್ಮಕ್ಕೆ ಇಳಿಯುತ್ತದೆ, ದನದ ಬಾಯಿಗೆ ಚುಚ್ಚುತ್ತದೆ. ಈ ಹುಲ್ಲು ಯಾವ ತಿಂಗಳಲ್ಲಿ ಮಿತ್ರ, ಯಾವ ತಿಂಗಳಲ್ಲಿ ಶತ್ರು ಎಂಬುದನ್ನು ಬಲ್ಲವನೇ ಕುರಿ ಕಾಯಬಲ್ಲ. ಮಳೆಗಾಲದ ಕಾವಲಿಗೆ ಹಿಂಡು ಬರುವ ಹೊತ್ತು, ಬಿಡುವ ಹೊತ್ತು ಎಂಬ ಲೆಕ್ಕಾಚಾರದ ಹಿಂದೆ ಇಂಥ ತಿಳಿವಳಿಕೆಯೇ ಇತ್ತೆಂದು ಭಾವಿಸಲು ಅಡ್ಡಿಯಿಲ್ಲ.

ಉಳಿದ ಹುಲ್ಲುಗಳ ಉಪಯೋಗವೂ ಬಹುವಿಧವಾದುದು. ಮಜ್ಜಿಗೆಹುಲ್ಲಿನ ಬಳಗಕ್ಕೆ ಸೇರಿದ ಸುವಾಸನೆಯ ಎತ್ತರದ ಹುಲ್ಲುಗಳನ್ನು ದನಗಳು ಅಷ್ಟಾಗಿ ಇಷ್ಟಪಡುವುದಿಲ್ಲ; ಗೆದ್ದಲೂ ಬೇಗ ಹತ್ತುವುದಿಲ್ಲ. ಹಾಗಾಗಿ ಅವು ಗುಡಿಸಲಿನ ಸೂರಿಗೆ ಸಲ್ಲುತ್ತಿದ್ದವು. ಹಂಚಿಕಡ್ಡಿಯ ಪೊರಕೆಯನ್ನು ಬಯಲುಸೀಮೆಯ ಮನೆಗಳಲ್ಲಿ ನೋಡದವರಿಲ್ಲ. ಅದು ಮೇವಿಗೆ ಬಾರದ ಒರಟು ಹುಲ್ಲು. ನೀರಿನ ಸೆಲೆಯಿರುವಲ್ಲಿ ಲಾವಂಚ, ತುಳಿದಷ್ಟೂ ಹಬ್ಬುವ ಗರಿಕೆ, ಹಗ್ಗ ಹೊಸೆಯಲು ಬರುವ ನಾರುಹುಲ್ಲುಗಳು ಹೀಗೆ ಪಟ್ಟಿಯನ್ನು ಬೆಳೆಸಬಹುದು. ಇವುಗಳಲ್ಲಿ ಯಾವುದನ್ನೂ ಯಾರೂ ಬಿತ್ತಲಿಲ್ಲ ಎಂಬುದು ಗಮನಾರ್ಹ.

ಕಾವಲುಗಳು ಇರುವ ಪ್ರದೇಶ ಸಂಸ್ಥಾನದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶ. ಚಳ್ಳಕೆರೆ, ಹಿರಿಯೂರು, ಶಿರಾ, ಮಧುಗಿರಿ ಸೀಮೆಗಳಲ್ಲಿ ಮಳೆ ವರ್ಷವಿಡೀ ಹದವಾಗಿ ಬರುವುದಿಲ್ಲ. ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು ಹೋಗುತ್ತದೆ. ಬರಿ ನೆಲದ ಮೇಲೆ ಬಿದ್ದ ಅಂಥ ಮಳೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಕೆರೆಗೆ ಹೂಳಾಗಿ ಸೇರುತ್ತದೆ. ಹುಲ್ಲಿನ ಬುಡಗಳು ಹನಿಯ ಹೊಡೆತವನ್ನು ತಡೆದು ಹರಿವಿನ ವೇಗವನ್ನು ಕುಗ್ಗಿಸುತ್ತವೆ. ಬೇರುಗಳು ಸತ್ತು ಕೊಳೆತ ದಾರಿಯಲ್ಲಿ ನೀರು ನೆಲಕ್ಕೆ ಇಂಗುತ್ತದೆ. ಮೈಸೂರು ಸೀಮೆಯ ಕೆರೆಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ಸಂಶೋಧನೆ ನಡೆದಿದೆ. ಕೆರೆ ಕಟ್ಟಿಸಿದವರ ಶಾಸನಗಳನ್ನೂ, ಕೆರೆಗೊಡಗೆಯಂತಹ ದತ್ತಿಗಳನ್ನೂ ಸಂಗ್ರಹಿಸಿದ್ದೇವೆ. ಏರಿಯ ಮೇಲೆ ನಿಂತು ತೂಬಿನ ಕಡೆಗೆ ನೋಡಿದಷ್ಟು ಶ್ರದ್ಧೆಯಿಂದ ಹಿಂದಿರುಗಿ ಜಲಾನಯನದ ಬಯಲನ್ನು ನೋಡಿದ್ದೇವೆಯೆ ಎಂಬುದು ಪ್ರಶ್ನೆ. ಕೆರೆಯ ಆಯುಸ್ಸು ಬಹುಪಾಲು ಅಲ್ಲಿ ನಿರ್ಧಾರವಾಗುತ್ತಿತ್ತು.

ಕಾವಲಿನಲ್ಲಿ ಅರಮನೆಯ ದನಗಳಷ್ಟೇ ಇರಲಿಲ್ಲ. ಕೃಷ್ಣಮೃಗ, ತೋಳ, ಗುಳ್ಳೆನರಿ, ನೆಲದ ಮೇಲೆ ಗೂಡುಮಾಡುವ ಹಲವು ಹಕ್ಕಿಗಳು ಇದೇ ಹುಲ್ಲನ್ನು ಆಶ್ರಯಿಸಿದ್ದವು. ದೊಡ್ಡ ಮರಗಳಿಲ್ಲದ ಬಯಲೇ ಕೃಷ್ಣಮೃಗಕ್ಕೆ ರಕ್ಷಣೆ. ದೂರದಿಂದಲೇ ವೈರಿಯನ್ನು ಕಂಡು ಓಡುವುದು ಅದರ ಕ್ರಮ. ಅಲ್ಲಿ ದಟ್ಟವಾಗಿ ಗಿಡ ನೆಟ್ಟರೆ ಅದಕ್ಕೆ ಉಪಕಾರವಾಗುವುದಿಲ್ಲ. ಮನುಷ್ಯರಲ್ಲಿಯೂ ಕಾಡುಗೊಲ್ಲರು, ಮ್ಯಾಸಬೇಡರು, ಕುರುಬರು ಈ ಬಯಲುಗಳೊಡನೆ ಬಾಳನ್ನು ಹೆಣೆದುಕೊಂಡವರು. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪ ದನಗಾಹಿಯೇ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆಯಿದೆ. ಅವನ ಕಾವ್ಯವನ್ನು ನಮ್ಮ ಜಾನಪದ ವಿದ್ವಾಂಸರು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರು ‘ದೇವರ ಎತ್ತು’ಗಳ ಹಿಂಡುಗಳನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಈ ಎತ್ತುಗಳನ್ನು ಉಳುಮೆಗೆ ಹೂಡುವಂತಿಲ್ಲ. ಕಿಲಾರಿಗಳು ಅವನ್ನು ಬಯಲಿನಲ್ಲಿ ಮೇಯಿಸುತ್ತಾರೆ. ಬುಕಾನನ್ನನು ೧೮೦೦–೧೮೦೧ರಲ್ಲಿ ಈ ಭಾಗಗಳಲ್ಲಿ ಸಂಚರಿಸಿದಾಗ ಗೊಲ್ಲರ ದನಸಾಕಣೆಯ ಕ್ರಮವನ್ನು ಬರೆದಿಟ್ಟಿದ್ದಾನೆ. ಚಳ್ಳಕೆರೆಯ ಕಂಬಳಿಯ ಮಾತಂತೂ ಎಲ್ಲರಿಗೂ ಗೊತ್ತು. ಕಂಬಳಿಯ ಹಿಂದೆ ಕುರಿ, ಕುರಿಯ ಹಿಂದೆ ಹುಲ್ಲು.

ಆದರೂ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಕಾವಲು ವ್ಯವಸ್ಥೆಯು ಎಲ್ಲರಿಗೂ ಸಮಾನವಾಗಿ ತೆರೆದ ಸುವರ್ಣಯುಗವಾಗಿರಲಿಲ್ಲ. ಹಿಂಡು ಸರ್ಕಾರದ್ದು, ಮೊದಲ ಹಕ್ಕು ಅದಕ್ಕೆ. ಊರ ರೈತನ ದನ ಕಾವಲಿಗೆ ನುಗ್ಗಿದರೆ ದಂಡ ತೆರಬೇಕಾಗುತ್ತಿತ್ತು. ಬರಗಾಲದಲ್ಲಿ ಕಾವಲುಗಾರನೂ ಹಳ್ಳಿಗನೂ ಎದುರಾಳಿಗಳಾಗಿ ನಿಂತಿರಬೇಕೆಂದು ಊಹಿಸುವುದು ಕಷ್ಟವಲ್ಲ. ಹುಲ್ಲು ಉಳಿದದ್ದು ಅಧಿಕಾರದ ಬಲದಿಂದ ಎಂಬುದನ್ನು ಒಪ್ಪಿಕೊಂಡೇ ನಾವು ಆ ವ್ಯವಸ್ಥೆಯ ಜಾಣ್ಮೆಯನ್ನು ಮೆಚ್ಚಬೇಕಾಗುತ್ತದೆ.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಹಿಂಡುಗಳ ಸ್ಥಿತಿ ಹದಗೆಟ್ಟಿತು. ೧೮೧೩ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬವನ ವಶಕ್ಕೆ ಇಲಾಖೆ ಬಂದ ಮೇಲೆ ಮತ್ತೆ ಚೇತರಿಸಿಕೊಂಡಿತು. ಹುಣಸೂರು ಇದರ ಮುಖ್ಯ ಕೇಂದ್ರಗಳಲ್ಲಿ ಒಂದಾಯಿತು. ೧೮೬೦ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ನನ ಆಜ್ಞೆಯಂತೆ, ಮಿತವ್ಯಯದ ಕಾರಣವನ್ನು ಮುಂದಿಟ್ಟು, ಹಿಂಡುಗಳನ್ನು ಒಡೆದು ಮಾರಲಾಯಿತು. ಎರಡು ಶತಮಾನ ಕಟ್ಟಿದ್ದನ್ನು ಒಂದು ಲೆಕ್ಕಪತ್ರ ಕೆಡವಿತು. ಸೈನ್ಯಕ್ಕೆ ಎತ್ತುಗಳ ಕೊರತೆ ಬೇಗನೆ ತಟ್ಟಿತು. ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ, ೧೮೬೬ರಲ್ಲಿ, ಅಲ್ಲಲ್ಲಿ ಚದುರಿಹೋಗಿದ್ದ ದನಗಳನ್ನು ಕೊಂಡು ಮತ್ತೆ ಹಿಂಡು ಕಟ್ಟಲಾಯಿತು.

ಈ ಆರು ವರ್ಷಗಳ ಕಥೆಯನ್ನು ಆಡಳಿತದ ಒಂದು ತಪ್ಪು ಹಾಗೂ ಅದರ ತಿದ್ದುಪಡಿ ಎಂದು ಗೆಜೆಟಿಯರುಗಳು ಹೇಳುತ್ತವೆ. ನನ್ನ ದೃಷ್ಟಿಯಲ್ಲಿ ಅದರ ಮಹತ್ವ ಬೇರೆಡೆ ಇದೆ. ದನಗಳನ್ನು ಮಾರಿದ ಮೇಲೂ ಹಿಂಡನ್ನು ಆರು ವರ್ಷಗಳ ತರುವಾಯ ಕಟ್ಟಲು ಸಾಧ್ಯವಾಯಿತು. ಏಕೆಂದರೆ ರೈತರ ಮನೆಗಳಲ್ಲಿ ಹಳ್ಳಿಕಾರ್ ಮೂಲದ ದನಗಳಿದ್ದವು, ಮತ್ತು ಕಾವಲುಗಳು ಬಹುಪಾಲು ಉಳಿದಿದ್ದವು. ರೈಸ್ ಅವರ ಗೆಜೆಟಿಯರಿನ ೧೮೯೭ರ ಪರಿಷ್ಕೃತ ಆವೃತ್ತಿ ಹೊರಬಂದಾಗಲೂ ಕಾವಲುಗಳ ಜಾಲ ಜೀವಂತವಾಗಿಯೇ ಇತ್ತು. ಹಿಂಡು ಹೋದರೆ ಹುಲ್ಲು ಮತ್ತೊಂದು ಹಿಂಡನ್ನು ಸಾಕಬಲ್ಲದು. ಹುಲ್ಲು ಹೋದರೆ? ಇಪ್ಪತ್ತನೆಯ ಶತಮಾನದಲ್ಲಿ ನಡೆದದ್ದು ಈ ಎರಡನೆಯ ಪ್ರಸಂಗ. ಅದಕ್ಕೆ ೧೮೬೬ರಂಥ ತಿದ್ದುಪಡಿ ದೊರೆಯಲಿಲ್ಲ.

ಅದರ ಬೀಜ ಕಂದಾಯದ ಪರಿಭಾಷೆಯಲ್ಲಿದೆ. ಮೈಸೂರಿನಲ್ಲಿ ೧೮೬೩ರಿಂದ ಮುಂಬಯಿ ಮಾದರಿಯ ಭೂಮಾಪನ ಮತ್ತು ಕಂದಾಯ ನಿಷ್ಕರ್ಷೆ ಆರಂಭವಾಯಿತು. ಸಾಗುವಳಿಗೆ ಬಂದು ಕಂದಾಯ ಕೊಡುವ ಭೂಮಿಯೇ ಅದರ ದೃಷ್ಟಿಯಲ್ಲಿ ಭೂಮಿ. ಉಳಿದದ್ದು ಬಂಜರು, ಬೀಳು, ಖರಾಬು. ಖರಾಬು ಎಂದರೆ ಕೆಟ್ಟದ್ದು. ಅಮೃತಮಹಲ್ ಕಾವಲು ಎಂಬ ಪ್ರತ್ಯೇಕ ಶೀರ್ಷಿಕೆ ಇದ್ದಷ್ಟು ಕಾಲ ಈ ನೆಲಕ್ಕೆ ಆ ಹೆಸರು ತಗುಲಲಿಲ್ಲ. ಯುದ್ಧದಲ್ಲಿ ಯಂತ್ರವಾಹನಗಳು ಬಂದು ಸೈನ್ಯಕ್ಕೆ ಎತ್ತು ಬೇಡವಾದಾಗ ಕಾವಲಿನ ಕಾರಣವೇ ಇಲ್ಲದಂತಾಯಿತು. ಆಗ ಅಧಿಕಾರಿಗಳ ಕಣ್ಣಿಗೆ ಅದೂ ಬಂಜರಾಗಿ ಕಂಡಿತು. ಕಾವಲುಗಳನ್ನು ದನಕ್ಕಾಗಿ ಎಂದು ಮಾತ್ರ ಸಮರ್ಥಿಸಿಕೊಂಡು ಬಂದುದರ ಫಲವಿದು. ನೀರು, ಮಣ್ಣು, ಕುರಿ, ಕಂಬಳಿ, ಜಿಂಕೆ ಯಾವುದೂ ಕಡತದಲ್ಲಿ ಇರಲಿಲ್ಲ.

ಎರಡನೆಯ ಮಹಾಯುದ್ಧದ ಹಾಗೂ ಸ್ವಾತಂತ್ರ್ಯಾನಂತರದ ವರ್ಷಗಳ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನದಲ್ಲಿ ಕಾವಲುಗಳ ಭಾಗಗಳು ಸಾಗುವಳಿಗೆ ಹೋದವು. ಭೂರಹಿತರಿಗೆ ಭೂಮಿ ಕೊಡಬೇಕೆಂಬ ಉದ್ದೇಶವನ್ನು ಯಾರೂ ತೆಗಳಲಾರರು. ಆಹಾರದ ಅಭಾವವೂ ನಿಜವಾಗಿತ್ತು. ಆದರೆ ಹಂಚಿಕೆಗೆ ಮೊದಲು ಒಳ್ಳೆಯ ನೀರಾಸರೆಯ ಜಾಗಗಳೇ ಆಯ್ಕೆಯಾಗುವುದು ಸಹಜ. ಬೇಸಿಗೆಯ ಕಾವಲು ಹೋದರೆ ಮಳೆಗಾಲದ ಕಾವಲು ಕಾಗದದಲ್ಲಿ ಉಳಿದರೂ ವ್ಯವಸ್ಥೆ ಕುಸಿಯುತ್ತದೆ. ಒಂದು ಕಾಲಕ್ಕೆ ಸುಮಾರು ೪ ಲಕ್ಷ ಎಕರೆಯಷ್ಟಿದ್ದ ಕಾವಲುಗಳಲ್ಲಿ ಇಂದು ಉಳಿದಿರುವುದು ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಉಳಿದಲ್ಲಿಯೂ ೧೯೮೦ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ನೀಲಗಿರಿ ನೆಡಲಾಯಿತು. ಬಳ್ಳಾರಿ ಜಾಲಿ ಯಾರ ಅಪ್ಪಣೆಯನ್ನೂ ಕೇಳದೆ ಹಬ್ಬಿತು. ಬಯಲನ್ನು ಕಂಡೊಡನೆ ಗಿಡ ನೆಡಬೇಕೆನ್ನುವುದು ನಮ್ಮ ಕಾಲದ ಸದುದ್ದೇಶಗಳಲ್ಲಿ ಒಂದು. ಇಲ್ಲಿ ಹಿಂದೆ ಕಾಡಿತ್ತು, ಮನುಷ್ಯನು ಕಡಿದುದರಿಂದ ಹುಲ್ಲಾಯಿತು ಎಂಬ ನಂಬಿಕೆ ಅದರ ಹಿಂದಿದೆ. ಹುಲ್ಲಿನ ಬಯಲುಗಳು ಈ ಉಪಖಂಡದಲ್ಲಿ ಮನುಷ್ಯನಿಗಿಂತ ಎಷ್ಟೋ ಹಳೆಯವು. ವಾಯವ್ಯದ ಶಿವಾಲಿಕ್ ಪದರಗಳ ಅಧ್ಯಯನವು ಸುಮಾರು ೬೦–೮೦ ಲಕ್ಷ ವರ್ಷಗಳ ಹಿಂದೆಯೇ ಅಲ್ಲಿ ಉಷ್ಣವಲಯದ ಹುಲ್ಲುಗಳು ವ್ಯಾಪಿಸಿದ್ದನ್ನು ತೋರಿಸಿದೆ. ೨೦೦೦ದಲ್ಲಿ ದೇಶದ ಬಂಜರುಭೂಮಿಗಳ ಭೂಪಟ ಸಂಪುಟ ಪ್ರಕಟವಾದಾಗ ಕುರುಚಲು ಬಯಲುಗಳೂ ಮೇವಿನ ನೆಲಗಳೂ ಅದರ ವರ್ಗಗಳಲ್ಲಿ ಸೇರಿದ್ದವು. ಹಳೆಯ ಖರಾಬು ಉಪಗ್ರಹದ ಚಿತ್ರಕ್ಕೆ ಏರಿತು ಎನ್ನಬಹುದು.

ಹುಲ್ಲು ಹೋದ ಮೇಲೆ ಮರಳಿ ಬರುವುದೆಷ್ಟು ಕಷ್ಟ ಎಂಬುದಕ್ಕೆ ಉತ್ತರ ಅಮೆರಿಕದ ಪ್ರೇರಿ ಬಯಲಿನ ಅನುಭವವನ್ನು ಇಲ್ಲಿ ಸ್ಮರಿಸಬಹುದು. ಅಲ್ಲಿನ ಎತ್ತರದ ಬ್ಲೂಸ್ಟೆಮ್ ಹುಲ್ಲುಗಳೂ ನಮ್ಮ ಈಟಿಹುಲ್ಲೂ ನಮ್ಮ ಜೋಳವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಬುಡಕಟ್ಟಿಗೆ ಸೇರಿದವು. ಈಟಿಹುಲ್ಲಂತೂ ಅಮೆರಿಕದ ನೈಋತ್ಯ ಭಾಗದಲ್ಲಿಯೂ ಬೆಳೆಯುತ್ತದೆ. ೧೮೩೭ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ತಯಾರಿಸಿದ ಉಕ್ಕಿನ ನೇಗಿಲು ಆ ಹುಲ್ಲಿನ ಬೇರಿನ ಹೆಪ್ಪನ್ನು ಸೀಳಿತು. ನೂರು ವರ್ಷ ತುಂಬುವುದರೊಳಗೆ, ೧೯೩೦ರ ದಶಕದ ಬರದಲ್ಲಿ, ಉತ್ತ ನೆಲ ಧೂಳಾಗಿ ಎದ್ದು ಹಾರಿತು. ೧೯೩೫ರ ಏಪ್ರಿಲ್ ೧೪ರ ಧೂಳಿನ ಬಿರುಗಾಳಿ ಅಲ್ಲಿನ ಚರಿತ್ರೆಯಲ್ಲಿ ಕರಾಳ ಭಾನುವಾರವೆಂದು ದಾಖಲಾಗಿದೆ. ಅದೇ ವರ್ಷ ಅಲ್ಲಿ ಮಣ್ಣಿನ ಸಂರಕ್ಷಣೆಯ ಕಾಯಿದೆ ಬಂತು. ಅದೇ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರು ಉತ್ತ ನೆಲವೊಂದರಲ್ಲಿ ಪ್ರೇರಿಯನ್ನು ಮರಳಿ ಬೆಳೆಸಲು ಹೊರಟರು. ದಶಕಗಳ ಆರೈಕೆಯ ನಂತರವೂ ಆ ಬಯಲು ಉಳುಮೆ ಕಾಣದ ಪ್ರೇರಿಗೆ ಪೂರ್ಣವಾಗಿ ಸಮನಾಗಿಲ್ಲ. ಹಿಂಡು ಕಟ್ಟಲು ಆರು ವರ್ಷ ಸಾಕಾದ ಸಂಗತಿಯನ್ನು ಇದರ ಪಕ್ಕದಲ್ಲಿ ಇರಿಸಿ ನೋಡಬೇಕು.

ಕಾವಲುಗಳ ಚರಿತ್ರೆಯ ಇತ್ತೀಚಿನ ಅಧ್ಯಾಯ ಚಳ್ಳಕೆರೆ ತಾಲ್ಲೂಕಿನದು. ೨೦೦೮ರಿಂದ ೨೦೧೦ರ ಸುಮಾರಿನಲ್ಲಿ ಅಲ್ಲಿನ ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲು ಮುಂತಾದ ಕಡೆ ಒಟ್ಟು ಸುಮಾರು ೧೦,೦೦೦ ಎಕರೆ ಭೂಮಿಯನ್ನು ರಕ್ಷಣಾ ಸಂಶೋಧನೆ, ಪರಮಾಣು ಶಕ್ತಿ, ಬಾಹ್ಯಾಕಾಶ ಮತ್ತು ಉನ್ನತ ವಿಜ್ಞಾನ ಶಿಕ್ಷಣದ ಸಂಸ್ಥೆಗಳಿಗೆ ನೀಡಲಾಯಿತು. ಸುತ್ತಲಿನ ಹಳ್ಳಿಗಳವರು ಮೇವು, ನೀರು, ದಾರಿಗಳ ಹಕ್ಕಿಗಾಗಿ ಪ್ರತಿಭಟಿಸಿದರು. ೨೦೧೩–೧೪ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ವಿಚಾರಣೆ ನಡೆಯಿತು. ೨೦೧೭ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ದೇಶಕ್ಕೆ ಅಂಥ ಸಂಸ್ಥೆಗಳು ಬೇಕೆಂಬುದರಲ್ಲಿ ವಿವಾದವಿಲ್ಲ. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕಾಗಿ ಕಾದ ಹುಲ್ಲು, ನಮ್ಮ ಕಾಲದಲ್ಲಿ ಸೈನ್ಯದ ಅಗತ್ಯಕ್ಕಾಗಿಯೇ ಬೇಲಿಯೊಳಗೆ ಸೇರಿದುದು ಚರಿತ್ರೆಯ ವೈಚಿತ್ರ್ಯ. ವಿಚಾರಣೆಯ ಕಾಲದಲ್ಲಿ ಎದ್ದ ಮೂಲ ಪ್ರಶ್ನೆ ಮಾತ್ರ ಹಳೆಯದೇ ಆಗಿತ್ತು: ಈ ನೆಲ ಉಪಯೋಗದಲ್ಲಿತ್ತೆ, ಇರಲಿಲ್ಲವೆ? ಕಡತಕ್ಕೆ ಅದು ಖಾಲಿಯಾಗಿ ಕಂಡಿತ್ತು. ಅಲ್ಲಿ ಪ್ರತಿದಿನ ಕುರಿ ಬಿಡುತ್ತಿದ್ದವನಿಗೆ ಖಾಲಿ ಎಂಬ ಮಾತೇ ಅರ್ಥವಾಗಿರಲಾರದು.

ಇತ್ತ ಕೆಲವು ತುಣುಕುಗಳಿಗೆ ಹೊಸ ಬಗೆಯ ಕಾವಲು ದೊರೆತಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿಯ ೭೯೮ ಎಕರೆ ಬಯಲನ್ನು ೨೦೦೭ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಕಡೂರು ತಾಲ್ಲೂಕಿನ ಬಾಸೂರಿನಲ್ಲಿ ೭.೩೬ ಚದರ ಕಿಲೋಮೀಟರ್ ಕಾವಲು ೨೦೧೧ರಲ್ಲಿ ಸಂರಕ್ಷಣಾ ಮೀಸಲಾಯಿತು. ಅಜ್ಜಂಪುರದ ಕೇಂದ್ರದಲ್ಲಿ ಅಮೃತಮಹಲ್ ತಳಿಯ ಪಾಲನೆ ನಡೆದುಬಂದಿದೆ. ಬೆಂಗಳೂರಿನಲ್ಲಿ ಕಾವಲ್ ಬೈರಸಂದ್ರದಂಥ ಬಡಾವಣೆಗಳ ಹೆಸರಿನಲ್ಲಿ ಕಾವಲು ಉಳಿದಿದೆ, ಹುಲ್ಲು ಉಳಿದಿಲ್ಲ. ಮೀಸಲುಗಳ ಹೆಸರನ್ನು ನೋಡಿದರೂ ಒಂದು ಸೂಕ್ಷ್ಮ ಕಾಣುತ್ತದೆ. ಮೈದನಹಳ್ಳಿಯ ಮೀಸಲಿಗೆ ಹೆಸರು ಕೊಟ್ಟದ್ದು ಒಂದು ನದಿ ಮತ್ತು ಒಂದು ಜಿಂಕೆ. ಬಾಸೂರಿನ ಫಲಕದ ಮೇಲೆ ಮಾತ್ರ ‘ಅಮೃತಮಹಲ್ ಕಾವಲು’ ಎಂಬ ಹಳೆಯ ಹೆಸರೇ ಇದೆ.